ಓದಿ ಹೇಳುವವರು ಯಾರು?

(ಬರಹವನ್ನು ಮಾತಾಗಿಸುವ ಯಂತ್ರಗಳ ವಿಷಯವಾಗಿ ಹರದನಹಳ್ಳಿಯಲ್ಲಿ ಮಾಡಿದ ಭಾಷಣದ ಪಾಠ)



ಇಂದು ನಾವು ಒಂದು ಯಂತ್ರದ ವಿಷಯ ಮಾತನಾಡಬೇಕೆಂದಿದ್ದೇವೆ. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಯಂತ್ರ ಅದು. ನಿಮ್ಮಲ್ಲಿ ಬಹುಮಂದಿಯ ಜೇಬಿನಲ್ಲಿ, ಫೋನಿನೊಳಗೆ, ಅದು ಈಗಾಗಲೇ ಕುಳಿತಿದೆ. ಎಬ್ಬಿಸಿ ಮಾತನಾಡಿಸಿದವರು ಮಾತ್ರ ಕಡಿಮೆ. ಯಂತ್ರದ ಮಾತಿಗಾಗಿ ಹಳ್ಳಿಯಲ್ಲಿ ಸಭೆ ಸೇರಿಸಬೇಕೇ ಎಂದು ಕೆಲವರು ಕೇಳಿಯಾರು. ಸೇರಿಸಬೇಕು ಎಂಬುದೇ ನಮ್ಮ ಅಭಿಪ್ರಾಯ. ಓದಿ ಹೇಳುವವನು ಯಾರು, ಅವನು ಯಾರ ಕಡೆಯವನು ಎಂಬುದು ನಮ್ಮ ಹಳ್ಳಿಗಳಲ್ಲಿ ಎಂದೂ ಸಣ್ಣ ಪ್ರಶ್ನೆಯಾಗಿರಲಿಲ್ಲ.

ನಮ್ಮ ಕಡೆಯ ಹಳ್ಳಿಗಳಿಗೆ ಓದಿ ಹೇಳುವವರು ಇಬ್ಬರಿದ್ದರು. ಒಬ್ಬ ಗಮಕಿ. ದೀಪದ ಬೆಳಕಿನಲ್ಲಿ ಕುಮಾರವ್ಯಾಸನನ್ನೋ ಜೈಮಿನಿ ಭಾರತವನ್ನೋ ರಾಗವಾಗಿ ಓದುತ್ತಿದ್ದ; ಪಕ್ಕದಲ್ಲಿ ಇನ್ನೊಬ್ಬ ಕುಳಿತು ಅರ್ಥ ಹೇಳುತ್ತಿದ್ದ. ಒಂದಕ್ಷರ ಬಾರದ ಗೃಹಸ್ಥರೂ ಹೆಂಗಸರೂ ಕೇಳಿ ಕೇಳಿಯೇ ನೂರಾರು ಪದ್ಯ ಬಾಯಿಪಾಠ ಮಾಡಿಕೊಂಡಿದ್ದರು. ಆದ್ದರಿಂದ ಬರಹವನ್ನು ಕಿವಿಯಿಂದ ಓದುವುದು ಪರದೇಶದಿಂದ ಬಂದ ಹೊಸ ವಿದ್ಯೆ ಎಂದು ಯಾರೂ ತಿಳಿಯಬೇಕಾಗಿಲ್ಲ.

ಇನ್ನೊಬ್ಬ ಶಾನುಭೋಗ. ಅವನ ಓದು ಬೇರೆ ತರಹದ್ದು. ಯಾವ ಜಮೀನು ಯಾರ ಹೆಸರಿನಲ್ಲಿದೆ, ಎಷ್ಟು ಕಂದಾಯ ಬಾಕಿ, ಸಾಲದ ಪತ್ರದಲ್ಲಿ ಏನು ಬರೆದಿದೆ ಎಂಬುದೆಲ್ಲ ಅವನು ಓದಿ ಹೇಳಿದಂತೆಯೇ. ಅವನು ಪ್ರಾಮಾಣಿಕನಾಗಿದ್ದರೆ ಊರಿನ ಪುಣ್ಯ. ಅಲ್ಲದಿದ್ದರೆ ಹೆಬ್ಬೆಟ್ಟು ಒತ್ತಿದವನ ಕರ್ಮ. ಭಾರತದ ಪದ್ಯವನ್ನು ಗಮಕಿ ತಪ್ಪಿ ಓದಿದರೆ ಯಾರೋ ಒಬ್ಬ ಹಿರಿಯ ತಿದ್ದಿಯಾನು. ಪಹಣಿಯನ್ನು ತಪ್ಪಿ ಓದಿದರೆ ತಿದ್ದುವವರು ಯಾರು? 1961ರ ಶಾಸನದಿಂದ ಆ ವಂಶಪಾರಂಪರ್ಯದ ಹುದ್ದೆಗಳು ರದ್ದಾದವು. ಹುದ್ದೆ ಹೋಯಿತು, ಆದರೆ ಓದಿಸಿಕೊಳ್ಳುವ ಅಗತ್ಯ ಹೋಗಲಿಲ್ಲ. ಆ ಕೆಲಸ ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಬರೆಯುವವನಿಗೆ, ಮಧ್ಯವರ್ತಿಗೆ, ಊರಿನಲ್ಲಿ ನಾಲ್ಕು ಅಕ್ಷರ ಕಲಿತ ಪುಢಾರಿಗೆ ಹಂಚಿಹೋಯಿತು, ಅಷ್ಟೆ.

ಈ ಶತಮಾನದ ಆರಂಭದಲ್ಲಿ ನಮ್ಮ ರಾಜ್ಯ ಸರ್ಕಾರ ‘ಭೂಮಿ’ ಎಂಬ ಯೋಜನೆ ತಂದಿತು. ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುವಂತಾಯಿತು. ಇದು ದೊಡ್ಡ ಕೆಲಸವೆಂದು ಒಪ್ಪಲೇಬೇಕು. ಆದರೆ ಕೈಗೆ ಬಂದ ಹಾಳೆಯನ್ನು ಓದುವವರು ಯಾರು? 2011ರ ಗಣತಿಯಂತೆ ಹಾಸನ ಜಿಲ್ಲೆಯಲ್ಲಿ ಅಕ್ಷರಸ್ಥರು ನೂರಕ್ಕೆ ಸುಮಾರು 76. ಅಂದರೆ ಏಳು ವರ್ಷ ದಾಟಿದ ನಾಲ್ವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಓದು ಬಾರದು. ಉಳಿದ ಮೂವರಲ್ಲಿಯೂ ರುಜು ಮಾಡಬಲ್ಲವರೆಷ್ಟು, ಕಚೇರಿಯ ಕಾಗದ ಓದಿ ಅರ್ಥ ಮಾಡಿಕೊಳ್ಳಬಲ್ಲವರೆಷ್ಟು ಎಂಬುದು ಗಣತಿಯ ಲೆಕ್ಕಕ್ಕೆ ಸಿಕ್ಕುವ ಮಾತಲ್ಲ.

ಇಂಥ ಕಡೆಗೆ ಈಗ ಓದುವ ಯಂತ್ರ ಬಂದಿದೆ. ಅದು ಗಮಕಿಯಾದೀತೋ ಶಾನುಭೋಗನಾದೀತೋ, ಅದನ್ನು ನೋಡೋಣ.

ಮೊದಲು ಯಂತ್ರ ಓದುವುದು ಹೇಗೆಂದು ತಿಳಿಯಬೇಕು. ಅದಕ್ಕೆ ನಿಮ್ಮ ಊರಿನದೇ ಒಂದು ಉದಾಹರಣೆ ಉಂಟು. ಈ ಊರಿನಲ್ಲಿ ಹುಟ್ಟಿದ ದೇವೇಗೌಡರು 1996ರಲ್ಲಿ ಪ್ರಧಾನಮಂತ್ರಿಗಳಾದರು. ಆ ವರ್ಷದ ಸ್ವಾತಂತ್ರ್ಯ ದಿನ ದೆಹಲಿಯ ಕೆಂಪುಕೋಟೆಯ ಮೇಲೆ ನಿಂತು ಹಿಂದಿಯಲ್ಲಿ ಭಾಷಣ ಮಾಡಿದರು. ಆ ಹಿಂದಿಯನ್ನು ಕನ್ನಡ ಅಕ್ಷರಗಳಲ್ಲಿ ಬರೆಸಿಕೊಂಡು ಓದಿದರೆಂಬುದು ಆಗಿನಿಂದ ಪತ್ರಿಕೆಗಳಲ್ಲೆಲ್ಲ ಬಂದ ಮಾತು. ಕೆಲವರು ಅದನ್ನು ನಗೆಯ ವಿಷಯ ಮಾಡಿದರು. ನಮಗೇನೋ ಅದು ಕನ್ನಡ ಲಿಪಿಯ ಹೆಚ್ಚುಗಾರಿಕೆ ಎಂದೇ ತೋರುತ್ತದೆ. ಅಕ್ಷರ ಹೇಗಿದೆಯೋ ಹಾಗೆ ಉಚ್ಚರಿಸಿದರೆ ಸಾಕು, ಎದುರಿಗೆ ಕುಳಿತವನಿಗೆ ಅವನ ಭಾಷೆ ಕೇಳಿಸುತ್ತದೆ. ಓದುವ ಯಂತ್ರ ಮಾಡುವುದೂ ಇಷ್ಟನ್ನೇ. ಅಕ್ಷರವನ್ನು ಧ್ವನಿಯಾಗಿ ಮಾರ್ಪಡಿಸುತ್ತದೆ. ಅರ್ಥದ ಗೊಡವೆ ಅದಕ್ಕಿಲ್ಲ. ಅರ್ಥ ಕೇಳುವವನ ಕಿವಿಯ ಹಿಂದೆ ಹುಟ್ಟಬೇಕು.

ಇಂಗ್ಲಿಷಿನವರಿಗೆ ಈ ಸೌಕರ್ಯವಿಲ್ಲ. ಅವರ ಭಾಷೆಯಲ್ಲಿ ಅವೇ ನಾಲ್ಕು ಅಕ್ಷರಗಳು ಒಂದು ಶಬ್ದದಲ್ಲಿ ‘ದೋ’ ಎಂದೂ ಇನ್ನೊಂದರಲ್ಲಿ ‘ಥ್ರೂ’ ಎಂದೂ ಮತ್ತೊಂದರಲ್ಲಿ ‘ಟಫ್’ ಎಂದೂ ಬಾಯಿ ತಿರುಗಿಸುತ್ತವೆ. ಹಿಂದಿಯವರು ‘ರಾಮ’ ಎಂದು ಬರೆದು ‘ರಾಮ್’ ಎಂದು ಓದುತ್ತಾರೆ. ಎಲ್ಲಿ ಅಕಾರ ಉಳಿಯುತ್ತದೆ, ಎಲ್ಲಿ ಜಾರುತ್ತದೆ ಎಂದು ಯಂತ್ರಕ್ಕೆ ಬೇರೆಯಾಗಿ ಕಲಿಸಬೇಕು. ಕನ್ನಡದಲ್ಲಿ ಆ ತೊಡಕು ಬಹು ಕಡಿಮೆ. ತೊಡಕೇ ಇಲ್ಲವೆಂದಲ್ಲ. ‘ಅಂಗಡಿ’ಯ ಸೊನ್ನೆ ಬೇರೆ, ‘ಅಂಬಾರಿ’ಯ ಸೊನ್ನೆ ಬೇರೆ. ‘ಫಲ’ದ ಫಕಾರವನ್ನು ‘ಕಾಫಿ’ಗೂ ಹಚ್ಚಿದರೆ ನಮ್ಮ ಸಕಲೇಶಪುರದವರು ಸಿಟ್ಟಾದಾರು. ಆದರೂ ಕನ್ನಡದ ಯಂತ್ರ ಇಂಗ್ಲಿಷಿನದಕ್ಕಿಂತ ಮೊದಲೇ ತಯಾರಾಗಬೇಕಿತ್ತು ಎನ್ನುವಷ್ಟು ನಮ್ಮ ಲಿಪಿ ಅನುಕೂಲವಾದದ್ದು. ತಯಾರಾದದ್ದು ಮಾತ್ರ ಬಹಳ ತಡವಾಗಿ. ಲಿಪಿಯ ಅನುಕೂಲವೇ ಬೇರೆ, ಹಣದ ಅನುಕೂಲವೇ ಬೇರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಈ ವಿದ್ಯೆಯನ್ನು ಮೊದಲು ಬೇಡಿದವರು ಕುರುಡರು. ಕಳೆದ ಶತಮಾನದ ಎರಡನೆಯ ದಶಕದಲ್ಲಿಯೇ ಇಂಗ್ಲೆಂಡಿನಲ್ಲಿ ಫೂರ್ನಿಯೇ ದಾಲ್ಬೆ ಎಂಬ ವಿಜ್ಞಾನಿ ‘ಆಪ್ಟೋಫೋನ್’ ಮಾಡಿದ. ಅದು ಅಚ್ಚಿನ ಅಕ್ಷರದ ಆಕಾರಕ್ಕೆ ತಕ್ಕಂತೆ ಬೇರೆ ಬೇರೆ ಸ್ವರ ಹೊರಡಿಸುತ್ತಿತ್ತು. ಕೇಳುವವನು ಆ ಸ್ವರಗಳನ್ನು ಕಲಿತು ಅಕ್ಷರ ಗುರುತಿಸಬೇಕಾಗಿತ್ತು. ಅದು ಮಾತಲ್ಲ, ಬರಿಯ ನಾದ. ಮಾತಾಗಿ ಓದುವ ಯಂತ್ರವನ್ನು ಲೋಕಕ್ಕೆ ತೋರಿಸಿದವನು ಅಮೆರಿಕದ ರೇ ಕುರ್ಜ್‌ವೈಲ್, 1976ರಲ್ಲಿ. ಪುಸ್ತಕವನ್ನು ಗಾಜಿನ ಮೇಲೆ ಕವುಚಿ ಹಾಕಿದರೆ ಅದು ಅಕ್ಷರಗಳನ್ನು ಗುರುತಿಸಿ ಓದುತ್ತಿತ್ತು. ಬೆಲೆ ಹತ್ತಾರು ಸಾವಿರ ಡಾಲರು. ಕೊಂಡ ಮೊದಲಿಗರಲ್ಲಿ ಒಬ್ಬ ಸ್ಟೀವಿ ವಂಡರ್ ಎಂಬ ಪ್ರಸಿದ್ಧ ಅಂಧ ಗಾಯಕ. ಅವನು ಕೊಳ್ಳಬಲ್ಲವನಾಗಿದ್ದ, ಬಡ ಕುರುಡರಿಗೆ ಅದು ಪುಸ್ತಕಾಲಯದಲ್ಲಿ ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ. ಮುಂದೆ ಇದೇ ಕುರ್ಜ್‌ವೈಲ್‌ನ ಹೆಸರಿನ ಸಂಸ್ಥೆ, ಕಣ್ಣು ಚೆನ್ನಾಗಿದ್ದೂ ಓದು ಹತ್ತದ ಮಕ್ಕಳಿಗಾಗಿ ಬೇರೊಂದು ತಂತ್ರಾಂಶ ಹೊರಡಿಸಿತು. ಪರದೆಯ ಮೇಲೆ ಪಾಠ ಕಾಣುತ್ತದೆ; ಯಂತ್ರ ಯಾವ ಪದವನ್ನು ಉಚ್ಚರಿಸುತ್ತದೆಯೋ ಆ ಪದ ಬಣ್ಣ ತಾಳುತ್ತದೆ; ಮಗುವಿನ ಕಣ್ಣೂ ಕಿವಿಯೂ ಒಂದೇ ಪದದ ಮೇಲೆ ನಿಲ್ಲುತ್ತವೆ. ಈ ಬಣ್ಣ ತಾಳುವ ಪದವನ್ನು ನೆನಪಿಡಿ; ಮುಂದೆ ಬೇಕಾಗುತ್ತದೆ.

ಇನ್ನು ನಮ್ಮ ನಾಡಿನ ಕಥೆ. ಇದು ಹೆಮ್ಮೆಯದೂ ಹೌದು, ಸಂಕಟದ್ದೂ ಹೌದು. 1999ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಎಂಬ ಅಧ್ಯಾಪಕರು, ಎನ್ಕೋರ್ ಎಂಬ ಸಂಸ್ಥೆಯ ಎಂಜಿನಿಯರುಗಳೊಡನೆ ಸೇರಿ ಒಂದು ಟ್ರಸ್ಟ್ ಮಾಡಿಕೊಂಡರು. ಅಕ್ಷರ ಬಾರದವನೂ ಬಳಸಬಲ್ಲ ಅಂಗೈಯಗಲದ ಕಂಪ್ಯೂಟರನ್ನು ತಯಾರಿಸುವುದು ಅವರ ಉದ್ದೇಶ. ಅದಕ್ಕೆ ‘ಸಿಂಪ್ಯೂಟರ್’ ಎಂದು ಹೆಸರಿಟ್ಟರು. ಬೆಲೆಯನ್ನು ಒಂಬತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ನಿಲ್ಲಿಸಬೇಕೆಂದಿದ್ದರು. ಅಷ್ಟು ಹಣ ಒಬ್ಬ ಕೂಲಿಯ ಕೈಯಲ್ಲಿ ಇರುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ಆದ್ದರಿಂದ ಊರಿಗೊಂದು ಯಂತ್ರ, ಒಬ್ಬೊಬ್ಬರಿಗೆ ಒಂದೊಂದು ಚಿಕ್ಕ ಕಾರ್ಡು ಎಂಬ ಏರ್ಪಾಡು ಮಾಡಿದರು. ನಿಮ್ಮ ಕಾರ್ಡು ಹಾಕಿದರೆ ಯಂತ್ರ ನಿಮ್ಮದು, ತೆಗೆದರೆ ಮುಂದಿನವನದು. ಊರಬಾವಿಯ ಹಗ್ಗ ಊರಿನದು, ಕೊಡ ಅವರವರದು ಎಂಬಂತೆ.

ಈ ಯಂತ್ರಕ್ಕೆ ಬಾಯಿ ಬೇಕಲ್ಲ? ಅದಕ್ಕಾಗಿ ರಮೇಶ್ ಹರಿಹರನ್ ಮತ್ತು ಸಂಗಡಿಗರು ‘ಧ್ವನಿ’ ಎಂಬ ತಂತ್ರಾಂಶ ಮಾಡಿದರು. ಅದರ ಮೊದಲ ಭಾಷೆಗಳಲ್ಲಿ ಕನ್ನಡವೂ ಒಂದು. ಮನುಷ್ಯನ ಕಂಠದಿಂದ ಸಣ್ಣ ಸಣ್ಣ ಧ್ವನಿತುಣುಕುಗಳನ್ನು ಹಿಡಿದಿಟ್ಟು, ಅಕ್ಷರಕ್ಕೆ ತಕ್ಕಂತೆ ಹೆಣೆದು, ಮಾತು ಮಾಡುವ ರೀತಿ ಅದು. ಹೆಣಿಗೆ ಒರಟು. ಮಾತು ತಡೆ ತಡೆದು ಬರುತ್ತಿತ್ತು, ಆದರೆ ತಿಳಿಯುತ್ತಿತ್ತು. 2001ರಲ್ಲಿ ಮಾದರಿ ಹೊರಬಂದಾಗ ಲೋಕವೆಲ್ಲ ತಿರುಗಿ ನೋಡಿತು. ಅಮೆರಿಕದ ಪತ್ರಿಕೆಗಳೂ ಕೊಂಡಾಡಿದವು. 2004ರಲ್ಲಿ ಸರ್ಕಾರಿ ಒಡೆತನದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಪಿಕೋಪೀಟಾ ಎಂಬ ಸಂಸ್ಥೆಯೊಡನೆ ಸೇರಿ ‘ಅಮಿಡಾ’ ಎಂಬ ಹೆಸರಿನಲ್ಲಿ ಅದನ್ನು ಮಾರಾಟಕ್ಕೆ ತಂದಿತು. ನಮ್ಮ ಸರ್ಕಾರ ಭೂದಾಖಲೆಯ ಕೆಲಸಕ್ಕೂ ಕೆಲವನ್ನು ಬಳಸಿತು.

ಆಮೇಲೆ? ಮಾರಾಟವಾದದ್ದು ಕೆಲವೇ ಸಾವಿರ. ಯಾರಿಗಾಗಿ ಮಾಡಿದ್ದೋ ಅವರ ಊರಿಗೆ ಅದು ಬರಲೇ ಇಲ್ಲ. ಪಂಚಾಯಿತಿಗೊಂದರಂತೆ ಕೊಳ್ಳಲು ಸರ್ಕಾರಗಳು ಮುಂದೆ ಬರಲಿಲ್ಲ. ಕಾರ್ಖಾನೆಗೆ ಗಿರಾಕಿ ಸಿಕ್ಕದೆ ಬೆಲೆ ಇಳಿಯಲಿಲ್ಲ. ಬೆಲೆ ಇಳಿಯದೆ ಗಿರಾಕಿ ಬರಲಿಲ್ಲ. ಅಷ್ಟರಲ್ಲಿ ಮೊಬೈಲ್ ಫೋನು ಅಗ್ಗವಾಗಿ ಎಲ್ಲರ ಕೈ ಸೇರಿತು. ಸಿಂಪ್ಯೂಟರ್ ಸೋತಿತು ಎಂದು ಪಂಡಿತರು ಬರೆದರು. ನಾವು ಹಾಗೆ ಹೇಳಲಾರೆವು. ಸೋತದ್ದು ‘ಊರಿಗೊಂದು’ ಎಂಬ ವಿಚಾರ; ಗೆದ್ದದ್ದು ‘ತಲೆಗೊಂದು’ ಎಂಬ ಮಾರುಕಟ್ಟೆ. ‘ಧ್ವನಿ’ ತಂತ್ರಾಂಶ ಮಾತ್ರ ಮುಕ್ತವಾಗಿ ಉಳಿದು, ಮುಂದೆ ಕೇರಳದ ಸಂತೋಷ್ ತೋಟ್ಟಿಂಗಲ್ ಮೊದಲಾದವರ ಕೈಯಲ್ಲಿ ಇನ್ನಷ್ಟು ಭಾಷೆ ಕಲಿಯಿತು. ಹಂಚಿಕೊಂಡದ್ದು ಉಳಿಯಿತು ಎಂಬುದನ್ನು ಗಮನಿಸಿ.

ಹಂಚಿಕೊಂಡದ್ದು ಉಳಿದ ಇನ್ನೊಂದು ಕಥೆಯೂ ಉಂಟು. ಇಂಗ್ಲೆಂಡಿನ ಜೊನಾಥನ್ ಡಡಿಂಗ್ಟನ್ ಎಂಬುವರು 1995ರಲ್ಲಿ ಆರಂಭಿಸಿದ ಕೆಲಸವೊಂದು ‘ಇಸ್ಪೀಕ್’ ಎಂಬ ಮಾತಿನ ತಂತ್ರಾಂಶವಾಗಿ ಬೆಳೆಯಿತು. ಅದರಲ್ಲಿ ಮನುಷ್ಯನ ಕಂಠವನ್ನು ತುಂಡು ತುಂಡಾಗಿ ಜೋಡಿಸುವ ಕೆಲಸವಿಲ್ಲ. ಬಹುಮಟ್ಟಿಗೆ ಲೆಕ್ಕದಿಂದಲೇ ಧ್ವನಿ ಹುಟ್ಟಿಸುತ್ತಾರೆ. ತಗಡಿನ ಡಬ್ಬಿಯೊಳಗಿಂದ ಮಾತನಾಡಿದಂತೆ ಕೇಳುತ್ತದೆ. ಆದರೆ ಅದು ಎಷ್ಟು ಚಿಕ್ಕದೆಂದರೆ ಹಳೆಯ ಕಂಪ್ಯೂಟರಿನಲ್ಲಿಯೂ ಓಡುತ್ತದೆ, ದುಡ್ಡು ಬೇಡ, ಹತ್ತಾರು ಭಾಷೆಗಳನ್ನು ಓದುತ್ತದೆ. ಅವುಗಳಲ್ಲಿ ಕನ್ನಡವೂ ಒಂದು. 2006ರಲ್ಲಿ ಆಸ್ಟ್ರೇಲಿಯದ ಮೈಕೆಲ್ ಕರನ್ ಎಂಬ ಅಂಧ ತರುಣ ‘ಎನ್.ವಿ.ಡಿ.ಎ.’ ಎಂಬ ಪರದೆ ಓದುವ ತಂತ್ರಾಂಶ ಆರಂಭಿಸಿದ. ಅಂಧನೇ ಆದ ಜೇಮ್ಸ್ ಟೆಹ್ ಜೊತೆ ಸೇರಿದ. ಅದಕ್ಕೂ ಬೆಲೆಯಿಲ್ಲ. ಅವರು ಅದಕ್ಕೆ ಬಾಯಿಯಾಗಿ ಇಟ್ಟದ್ದು ಇದೇ ಇಸ್ಪೀಕನ್ನು. ಸಾವಿರಾರು ರೂಪಾಯಿ ಬೆಲೆಯ ತಂತ್ರಾಂಶ ಕೊಳ್ಳಲಾರದ ನಮ್ಮ ಅಂಧ ವಿದ್ಯಾರ್ಥಿಗಳು ಈ ತಗಡುಕಂಠವನ್ನು ಕೇಳುತ್ತ ಕೇಳುತ್ತಲೇ ಪದವಿ ಪಡೆದಿದ್ದಾರೆ, ನೌಕರಿ ಹಿಡಿದಿದ್ದಾರೆ. ಇಂಪಿಲ್ಲವೆಂದು ಮೂಗು ಮುರಿಯುವವರು ಇದನ್ನು ಮರೆಯಬಾರದು. ಅದಕ್ಕೂ ಮೊದಲು ಬೆಂಗಳೂರಿನ ಮಿತ್ರ ಜ್ಯೋತಿಯಂಥ ಸಂಸ್ಥೆಗಳಲ್ಲಿ ಮನುಷ್ಯರೇ ಕುಳಿತು ಪುಸ್ತಕಗಳನ್ನು ಓದಿ ಕ್ಯಾಸೆಟ್ಟಿಗೆ ತುಂಬುತ್ತಿದ್ದರು. ಯಂತ್ರ ಬಂತೆಂದು ಆ ಕೆಲಸದ ಬೆಲೆ ತಗ್ಗಿಲ್ಲ. ಕಥೆ ಕಾದಂಬರಿಯನ್ನು ಮನುಷ್ಯನೇ ಓದಬೇಕು. ನೋಟೀಸನ್ನು ಯಂತ್ರ ಓದಿದರೂ ನಡೆದೀತು.

ಆದರೆ ಯಂತ್ರಕ್ಕೆ ಓದಲು ಅಕ್ಷರ ಬೇಕು, ಅಕ್ಷರದ ಚಿತ್ರ ಸಾಲದು. ನಮ್ಮ ಸರ್ಕಾರಿ ಕಚೇರಿಗಳ ದೊಡ್ಡ ಅಪರಾಧ ಇಲ್ಲಿದೆ. ಬಹಳ ವರ್ಷಗಳ ಕಾಲ ಕನ್ನಡವನ್ನು ಬೆರಳಚ್ಚು ಮಾಡಿದ್ದು ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಮಾದರಿಗಳಲ್ಲಿ. ಅವು ಆ ಕಾಲಕ್ಕೆ ಮಹದುಪಕಾರ ಮಾಡಿದವು, ಸಂದೇಹವಿಲ್ಲ. ಆದರೆ ಅವುಗಳ ಒಳಗುಟ್ಟೇನು? ಬಯಲಾಟದ ರಾಜನ ವೇಷದೊಳಗೆ ನಮ್ಮ ಪಕ್ಕದ ಮನೆಯ ತಿಮ್ಮಯ್ಯ ಇರುವಂತೆ, ಆ ಕನ್ನಡ ಅಕ್ಷರದ ವೇಷದೊಳಗೆ ಇಂಗ್ಲಿಷ್ ಅಕ್ಷರ ಕುಳಿತಿರುತ್ತದೆ. ನೋಡುವ ಕಣ್ಣಿಗೆ ರಾಜ. ಯಂತ್ರಕ್ಕೆ ಮಾತ್ರ ತಿಮ್ಮಯ್ಯ. ಅಂಥ ಕಡತವನ್ನು ಓದು ಎಂದರೆ ಅದು ಇಂಗ್ಲಿಷಿನ ಹುಚ್ಚು ಅಕ್ಷರಗಳನ್ನು ಒದರುತ್ತದೆ. ಯೂನಿಕೋಡ್ ಎಂಬ ಜಾಗತಿಕ ಕ್ರಮದಲ್ಲಿ ಕನ್ನಡಕ್ಕೆ ತನ್ನದೇ ಸಂಕೇತಗಳು 1991ರಲ್ಲಿಯೇ ದೊರೆತಿದ್ದವು. ದೊರೆತರೂ ನಮ್ಮ ಕಡತಗಳು ವೇಷ ಕಳಚಲು ದಶಕಗಳೇ ಹಿಡಿದವು. ಕೆಲವು ಕಡೆ ಇನ್ನೂ ಕಳಚಿಲ್ಲ. ಇನ್ನು ಕೆಲವು ಇಲಾಖೆಗಳು ಸುತ್ತೋಲೆಯನ್ನು ಅಚ್ಚು ಹಾಕಿ, ಮೊಹರು ಒತ್ತಿ, ಓರೆಯಾಗಿ ಫೋಟೋ ತೆಗೆದು ಜಾಲಕ್ಕೆ ಏರಿಸುತ್ತವೆ. ಓದುವ ಯಂತ್ರದ ಪಾಲಿಗೆ ಅದು ಗೋಡೆಗೆ ಅಂಟಿಸಿದ ಚಿತ್ರಪಟ.

ಚಿತ್ರದಿಂದ ಅಕ್ಷರ ಬಿಡಿಸುವ ವಿದ್ಯೆಯೂ ಕನ್ನಡಕ್ಕೆ ಬಂದಿದೆ. ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯ ‘ಲಿಪಿಜ್ಞಾನಿ’ ಎಂಬುದನ್ನು ಮಾಡಿತು. ಅದೇ ಪ್ರಯೋಗಾಲಯ ಕನ್ನಡ ಓದುವ ಧ್ವನಿಯನ್ನೂ ಮಾಡಿತು. ಈಗ ಫೋನಿನ ಕ್ಯಾಮರಾ ಕೂಡ ಅಚ್ಚಿನ ಕನ್ನಡವನ್ನು ಗುರುತಿಸುತ್ತದೆ. ಆಲೂಗೆಡ್ಡೆಗೆ ಅಂಗಮಾರಿ ಬಂದಾಗ ನೀವು ತರುವ ಔಷಧಿಯ ಡಬ್ಬಿಯಲ್ಲಿ ಮಡಿಚಿಟ್ಟ ಚೀಟಿ ಇರುತ್ತದಲ್ಲ, ಇರುವೆಯ ಕಾಲಿನಂಥ ಅಕ್ಷರದ್ದು? ಅದನ್ನು ಫೋನಿಗೆ ತೋರಿಸಿ ಓದಿಸಿ ನೋಡಿ. ಎಷ್ಟು ನೀರಿಗೆ ಎಷ್ಟು ಔಷಧಿ ಎಂಬುದನ್ನು ಅಂಗಡಿಯವನ ಬಾಯಿಂದಲೇ ಕೇಳಬೇಕೆಂಬ ನಿಯಮವಿಲ್ಲ.

ಇಲ್ಲೊಂದು ಎಚ್ಚರಿಕೆ. ಯಂತ್ರಕ್ಕೆ ಪದಕ್ಕಿಂತ ಅಂಕಿ ಕಷ್ಟ. ಪಹಣಿಯಲ್ಲಿ ಎಕರೆಗೂ ಗುಂಟೆಗೂ ನಡುವೆ ಚುಕ್ಕೆಯಿಟ್ಟು ಬರೆಯುವುದುಂಟು. 2.20 ಎಂದರೆ ಎರಡು ಎಕರೆ ಇಪ್ಪತ್ತು ಗುಂಟೆ. ನಲವತ್ತು ಗುಂಟೆಗೆ ಎಕರೆಯಾದ್ದರಿಂದ ಅದು ಎರಡೂವರೆ ಎಕರೆ. ಯಂತ್ರಕ್ಕೆ ಇದನ್ನು ಯಾರೂ ಹೇಳಿಕೊಡದಿದ್ದರೆ ಅದು ‘ಎರಡು ಬಿಂದು ಎರಡು ಸೊನ್ನೆ’ ಎಂದು ಓದೀತು. ಕೇಳಿದವನು ಎರಡು ಎಕರೆಯ ಮೇಲೆ ಹತ್ತರಲ್ಲಿ ಎರಡು ಪಾಲು ಎಂದು ತಿಳಿದರೆ, ಕಿವಿಯಲ್ಲಿಯೇ ಹನ್ನೆರಡು ಗುಂಟೆ ಕರಗಿಹೋಯಿತು! ಸರ್ವೆ ನಂಬರಿನ ಓರೆಗೆರೆಯನ್ನು ಭಾಗಾಕಾರವೆಂದು ತಿಳಿಯಬಹುದು. ತಾರೀಖನ್ನು ಕಳೆಯುವ ಲೆಕ್ಕವೆಂದು ತಿಳಿಯಬಹುದು. ಶಾನುಭೋಗನ ತಪ್ಪಿಗೆ ದುರುದ್ದೇಶವಾದರೂ ಇರುತ್ತಿತ್ತು, ಹಿಡಿದು ಕೇಳಬಹುದಿತ್ತು. ಯಂತ್ರ ಯಾವ ದುರುದ್ದೇಶವೂ ಇಲ್ಲದೆ, ಅಷ್ಟೇ ಮಧುರವಾದ ಕಂಠದಲ್ಲಿ ತಪ್ಪು ಓದುತ್ತದೆ. ಧ್ವನಿ ಇಂಪಾದಷ್ಟೂ ನಂಬಿಕೆ ಹೆಚ್ಚುತ್ತದೆ. ನಂಬಿಕೆ ಹೆಚ್ಚಿದಷ್ಟೂ ಅಪಾಯ ಹೆಚ್ಚುತ್ತದೆ. ಆದುದರಿಂದ ಪಹಣಿ, ಕ್ರಯಪತ್ರ, ಸಾಲದ ಕಾಗದಗಳ ವಿಷಯದಲ್ಲಿ ಯಂತ್ರದ ಓದನ್ನು ಒಂದು ಸಾಕ್ಷಿ ಎಂದು ತಿಳಿಯಬಹುದೇ ಹೊರತು ತೀರ್ಪೆಂದು ತಿಳಿಯಬಾರದು.

ಹಾಗಾದರೆ ಪೂರ್ತಿ ನಂಬತಕ್ಕ ಓದುಗ ಯಾರು? ನೀವೇ. ನಿಮ್ಮ ಮಕ್ಕಳೇ. ಈಗ ಮಕ್ಕಳ ವಿಷಯಕ್ಕೆ ಬರೋಣ.

ದೇಶದ ಗ್ರಾಮಾಂತರ ಮಕ್ಕಳ ಓದನ್ನು ಮನೆಮನೆಗೆ ಹೋಗಿ ಪರೀಕ್ಷಿಸುವ ‘ಅಸರ್’ ಎಂಬ ಸಮೀಕ್ಷೆಯುಂಟು. ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠ ಓದಬಲ್ಲವರು 2018ರಲ್ಲಿ ನೂರಕ್ಕೆ 27.3 ಇದ್ದರು. ಕೊರೋನಾ ಕಾಲದಲ್ಲಿ ಶಾಲೆ ಮುಚ್ಚಿ ತೆರೆದ ಮೇಲೆ, 2022ರಲ್ಲಿ, 20.5ಕ್ಕೆ ಇಳಿದರು. 2024ರಲ್ಲಿ ಮತ್ತೆ 27.1ಕ್ಕೆ ಏರಿದರು. ಏರಿತೆಂದು ಸಂತೋಷಪಡುವವರು ಉಳಿದ 73 ಮಕ್ಕಳು ಎಲ್ಲಿ ಕುಳಿತಿದ್ದಾರೆಂದು ಕೇಳಿಕೊಳ್ಳಲಿ.

ಮಕ್ಕಳ ತಪ್ಪೆಂದು ಹೇಳುವುದು ಸುಲಭ. ಕನ್ನಡ ಓದಿದ ಹಾಗೆ ಬರೆಯುವ ಭಾಷೆ, ಇದನ್ನು ಕಲಿಯಲು ಏನು ಕಷ್ಟ ಎಂದು ಮೇಷ್ಟರುಗಳೂ ಹೇಳುವುದುಂಟು. ಆದರೆ ಲೆಕ್ಕ ಹಾಕಿ ನೋಡಿ. ಮೂವತ್ತನಾಲ್ಕು ವ್ಯಂಜನಕ್ಕೆ ಕಾಗುಣಿತ ಹಚ್ಚಿದರೆ ನಾನೂರಕ್ಕೂ ಮಿಕ್ಕ ರೂಪಗಳಾದವು. ಅದರ ಮೇಲೆ ಒತ್ತಕ್ಷರ. ಅದರ ಮೇಲೆ, ಮೊದಲು ಉಚ್ಚರಿಸಿ ಕೊನೆಗೆ ಬರೆಯುವ ಅರ್ಕಾವೊತ್ತು. ಬೆಂಗಳೂರಿನ ಸೋನಾಲಿ ನಾಗ್ ಎಂಬ ಸಂಶೋಧಕಿ ಕನ್ನಡ ಕಲಿಯುವ ಮಕ್ಕಳನ್ನು ಪರೀಕ್ಷಿಸಿ 2007ರಲ್ಲಿ ಬರೆದರು: ಇಂಗ್ಲಿಷಿನಂಥ ಲಿಪಿಯಲ್ಲಿ ಅಕ್ಷರ ಕಲಿಕೆ ಒಂದೆರಡು ವರ್ಷದಲ್ಲಿ ಮುಗಿದರೆ, ಕನ್ನಡದಲ್ಲಿ ಅದು ನಾಲ್ಕೈದನೆಯ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ. ಒಂದನೆಯ ತರಗತಿಯಲ್ಲಿ ಅಕ್ಷರಮಾಲೆ ಮುಗಿಸಿ ಕೈತೊಳೆದುಕೊಂಡರೆ ಮಗು ಅರ್ಧ ಹಾದಿಯಲ್ಲಿ ನಿಂತುಬಿಡುತ್ತದೆ. ಪಟ್ಟಣದ ಮಗುವಿಗೆ ಮನೆಯಲ್ಲಿ ಕೈಹಿಡಿದು ಓದಿಸುವ ತಾಯಿ ಇದ್ದಾಳು. ಹೊಗೆಸೊಪ್ಪಿನ ಬೇಲಿಯ ಆಚೆ ಕೂಲಿಗೆ ಹೋದ ತಾಯಿ ಯಾವಾಗ ಓದಿಸಬೇಕು?

ಬಣ್ಣ ತಾಳುವ ಪದ ಬೇಕಾಗುವುದು ಇಲ್ಲಿಯೇ. ಈ ಉಪಾಯಕ್ಕೆ ನಮ್ಮ ದೇಶದಲ್ಲಿಯೇ ಒಂದು ಸೊಗಸಾದ ಪ್ರಯೋಗವಾಗಿದೆ. ಅಹಮದಾಬಾದಿನ ಬ್ರಿಜ್ ಕೊಠಾರಿ ಎಂಬುವರು 1996ರಲ್ಲಿ ಯೋಚಿಸಿದರು: ಚಿತ್ರಗೀತೆಯ ಸಾಹಿತ್ಯವನ್ನು ಅದೇ ಭಾಷೆಯಲ್ಲಿ ಪರದೆಯ ಕೆಳಗೆ ಹಾಕಿ, ಹಾಡಿದ ಪದ ಬಣ್ಣ ಬದಲಾಯಿಸುವಂತೆ ಮಾಡಿದರೆ, ಹಾಡು ನೋಡುವವರು ಗೊತ್ತಿಲ್ಲದೆಯೇ ಓದುತ್ತಾರಲ್ಲವೇ? ಮುಂದೆ ಗುಜರಾತಿನ ದೂರದರ್ಶನದಲ್ಲಿ ಅದನ್ನು ಮಾಡಿ ತೋರಿಸಿದರು. ಯಂತ್ರದ ಕಂಠಕ್ಕೂ ಇದೇ ನಿಯಮ. ಬರಿಯ ಕಿವಿಗೆ ಓದಿದರೆ ಮಗು ಕಥೆ ಕೇಳುತ್ತದೆ, ಓದು ಕಲಿಯುವುದಿಲ್ಲ. ಪದವನ್ನು ತೋರಿಸುತ್ತ, ನಿಧಾನವಾಗಿ, ಬೇಕಾದಲ್ಲಿ ಬಿಡಿಸಿ ಓದಿದರೆ ಮಗು ಕ್ರಮೇಣ ಯಂತ್ರಕ್ಕಿಂತ ಮುಂದೆ ಓಡುತ್ತದೆ. ಓದು ಹತ್ತದ ಮಕ್ಕಳ ಮೇಲೆ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ವಿಮರ್ಶೆಯೊಂದು, ಇಂಥ ಉಪಕರಣದಿಂದ ಪಾಠ ಅರ್ಥವಾಗುವುದಕ್ಕೆ ಸಹಾಯವಾಗುತ್ತದೆ, ಆದರೆ ಅದು ಸಾಧಾರಣ ಪ್ರಮಾಣದ್ದು ಎಂದಿತು. ಪವಾಡವೆಂದು ಮಾರುವವರು ಬಂದರೆ ಈ ‘ಸಾಧಾರಣ’ ಎಂಬ ಮಾತನ್ನು ಅವರಿಗೆ ನೆನಪು ಮಾಡಿಕೊಡಿ. ಮೇಷ್ಟರಿಲ್ಲದ ಶಾಲೆಗೆ ಯಂತ್ರ ಕೊಟ್ಟು ಮೇಷ್ಟರ ಹುದ್ದೆ ಖಾಲಿ ಇಡುವ ಸರ್ಕಾರವನ್ನು ನಾವು ಒಪ್ಪಲಾಗದು.

2019ರಲ್ಲಿ ಗೂಗಲ್ ಕಂಪನಿ ‘ಬೋಲೋ’ ಎಂಬ ಓದು ಕಲಿಸುವ ತಂತ್ರಾಂಶವನ್ನು ಭಾರತದಲ್ಲಿ ಹಿಂದಿ ಮತ್ತು ಇಂಗ್ಲಿಷಿಗೆ ಹೊರತಂದಿತು. ಮಗು ಓದುತ್ತದೆ, ಯಂತ್ರ ಕೇಳುತ್ತದೆ, ತಡವರಿಸಿದ ಪದವನ್ನು ತಾನು ಉಚ್ಚರಿಸಿ ತೋರಿಸುತ್ತದೆ. ಒಳ್ಳೆಯ ಉಪಾಯವೇ. 2020ರಲ್ಲಿ ಅದು ಹೆಸರು ಬದಲಾಯಿಸಿಕೊಂಡು ಒಂಬತ್ತು ಭಾಷೆಗಳಿಗೆ ಹರಡಿತು. ಆ ಒಂಬತ್ತರಲ್ಲಿ ತಮಿಳು ಇತ್ತು, ತೆಲುಗು ಇತ್ತು, ಮರಾಠಿ ಇತ್ತು. ಕನ್ನಡ ಇರಲಿಲ್ಲ. ಇದಕ್ಕಾಗಿ ಆ ಕಂಪನಿಯನ್ನು ಬೈದು ಪ್ರಯೋಜನವಿಲ್ಲ. ಅದು ಅಂಗಡಿ, ಯಾವ ಸರಕನ್ನು ಯಾವಾಗ ಇಡಬೇಕೆಂಬುದು ಅಂಗಡಿಯವನ ಇಷ್ಟ. ನಮ್ಮ ಮಕ್ಕಳ ಅಕ್ಷರಾಭ್ಯಾಸ ಅಂಗಡಿಯವನ ಇಷ್ಟಕ್ಕೆ ಕಾಯಬೇಕೇ ಎಂಬುದು ಪ್ರಶ್ನೆ.

ಕಾಯಬೇಕಾಗಿಲ್ಲ. ಸಾರ್ವಜನಿಕ ಸಂಸ್ಥೆಗಳಲ್ಲಿ ಕನ್ನಡದ ಕಂಠ ಈಗ ತಯಾರಿದೆ. ಮದರಾಸಿನ ಐ.ಐ.ಟಿ.ಯಲ್ಲಿ ಹೇಮಾ ಮೂರ್ತಿಯವರ ಮುಂದಾಳುತನದಲ್ಲಿ ಹಲವು ಸಂಸ್ಥೆಗಳು ಕೂಡಿ ಹದಿಮೂರು ಭಾರತೀಯ ಭಾಷೆಗಳ ಧ್ವನಿ ಮಾಡಿದವು, ಕನ್ನಡ ಸೇರಿ. ವಿಜ್ಞಾನ ಸಂಸ್ಥೆಯಲ್ಲಿ ಪ್ರಶಾಂತ ಕುಮಾರ ಘೋಷ್ ಅವರ ತಂಡ ‘ಸಿಸ್ಪಿನ್’ ಎಂಬ ಯೋಜನೆಯಲ್ಲಿ ಕನ್ನಡ, ತೆಲುಗು, ಭೋಜಪುರಿ, ಮೈಥಿಲಿ ಮೊದಲಾದ ಒಂಬತ್ತು ಭಾಷೆಗಳಿಗೆ ಗಂಡಸಿನ ಮತ್ತು ಹೆಂಗಸಿನ ಕಂಠಗಳನ್ನು ಗಂಟೆಗಟ್ಟಲೆ ಧ್ವನಿಮುದ್ರಿಸಿ ಎಲ್ಲರ ಉಪಯೋಗಕ್ಕೆ ಬಿಟ್ಟಿತು. 2022ರಲ್ಲಿ ಕೇಂದ್ರ ಸರ್ಕಾರ ‘ಭಾಷಿಣಿ’ ಎಂಬುದನ್ನು ಆರಂಭಿಸಿತು. ಹೊಸ ರೀತಿಯ ಈ ಕಂಠಗಳು ತುಣುಕು ಹೆಣೆಯುವುದಿಲ್ಲ. ಮನುಷ್ಯನ ಓದನ್ನು ಬಹುಕಾಲ ಕೇಳಿ ಕೇಳಿ ಅದರ ಏರಿಳಿತ ಕಲಿಯುತ್ತವೆ. ನಮ್ಮ ಉದ್ದುದ್ದ ಕ್ರಿಯಾಪದಗಳಲ್ಲಿ ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂಬುದು ಕೂಡ ಈಗ ಅವಕ್ಕೆ ತಿಳಿಯುತ್ತಿದೆ.

ಅವಕ್ಕೆ ಇನ್ನೂ ತಿಳಿಯದ ಕನ್ನಡವೂ ಇದೆ: ನಮ್ಮದು. ಪುಸ್ತಕದಲ್ಲಿ ‘ಹೊರಟುಹೋದನು’ ಎಂದಿರುತ್ತದೆ; ನಮ್ಮ ಹಟ್ಟಿಯಲ್ಲಿ ‘ಒಂಟೋದ’. ಮಗುವಿನ ಕಿವಿಯಲ್ಲಿರುವುದು ಎರಡನೆಯದು, ಯಂತ್ರದ ಬಾಯಲ್ಲಿರುವುದು ಮೊದಲನೆಯದು. ಮಗು ತನ್ನ ಬಾಯಿಯಂತೆ ಓದಿದರೆ ‘ತಪ್ಪು’ ಎಂದು ಗಂಟೆ ಬಾರಿಸುವ ಯಂತ್ರ ನಮಗೆ ಬೇಡ. ಹಕಾರ ಬಿಟ್ಟ ಮಾತ್ರಕ್ಕೆ ಬುದ್ಧಿ ಬಿಟ್ಟಂತಲ್ಲ. ಹಾಸನದ ಹಳ್ಳಿಯ ಹೆಂಗಸರ ಗಂಡಸರ ಕಂಠಗಳೂ ಆ ಧ್ವನಿಭಂಡಾರಕ್ಕೆ ಸೇರಬೇಕು. ಇದನ್ನು ಕೇಳುವುದರಲ್ಲಿ ನಾಚಿಕೆಯಿಲ್ಲ. ರಾಗಿಯ ತಳಿ ಸಂಗ್ರಹಿಸುವವರು ಹೊಲಕ್ಕೆ ಬರುತ್ತಾರೆ, ಮಾತಿನ ತಳಿ ಸಂಗ್ರಹಿಸುವವರೂ ಬರಲಿ.

ಎಲ್ಲಿ ಇಡಬೇಕು ಈ ಯಂತ್ರವನ್ನು? ಜಾಗವನ್ನೂ ಹುಡುಕಬೇಕಾಗಿಲ್ಲ. ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2019ರಲ್ಲಿ ಅವು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮದಿಂದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಈಗ ಅವಕ್ಕೆ ‘ಅರಿವು ಕೇಂದ್ರ’ ಎಂದು ಹೆಸರು. ಹಲವು ಕಡೆ ಕಂಪ್ಯೂಟರೂ ಬಂದಿದೆ. ಅಲ್ಲಿನ ಒಂದು ಮೇಜಿನ ಮೇಲೆ, ಜಾಲವಿಲ್ಲದಿದ್ದರೂ ಓದಬಲ್ಲ ಕನ್ನಡದ ಕಂಠವನ್ನು ಹಾಕಿಡುವುದಕ್ಕೆ ಬೊಕ್ಕಸ ಬರಿದಾಗುವುದಿಲ್ಲ. ‘ಜಾಲವಿಲ್ಲದಿದ್ದರೂ’ ಎಂದದ್ದಕ್ಕೆ ಕಾರಣವುಂಟು. ಫೋನಿನ ಕೆಲವು ಇಂಪಾದ ಕಂಠಗಳು ನಿಮ್ಮ ಕಾಗದವನ್ನು ದೂರದ ಕಂಪನಿಯ ಯಂತ್ರಕ್ಕೆ ಕಳುಹಿಸಿ ಅಲ್ಲಿಂದ ಓದುತ್ತವೆ. ನಿಮ್ಮ ಮಗಳ ಮದುವೆಯ ಸಾಲಪತ್ರ ಎಲ್ಲಿಗೆ ಹೋಗಿ ಬಂತೆಂದು ನಿಮಗೆ ತಿಳಿಯುವುದೇ ಇಲ್ಲ. ಊರಿನ ಮೇಜಿನ ಮೇಲೆ ಓದಿದ್ದು ಊರಿನಲ್ಲಿಯೇ ಉಳಿಯಬೇಕು.

ಕಾಯಿದೆಯೂ ನಿಮ್ಮ ಕಡೆಗಿದೆ. 2012ರಲ್ಲಿ ಕೃತಿಸ್ವಾಮ್ಯದ ಶಾಸನಕ್ಕೆ ತಿದ್ದುಪಡಿಯಾಗಿ, ಓದಲಾಗದ ಅಂಗವಿಕಲರಿಗಾಗಿ ಪುಸ್ತಕವನ್ನು ಬೇರೆ ರೂಪಕ್ಕೆ ತರುವುದು ಅಪರಾಧವಲ್ಲವೆಂದಾಯಿತು. ಇದೇ ಉದ್ದೇಶದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ನಮ್ಮದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ, ಕಣ್ಣಿದ್ದೂ ಅಕ್ಷರ ಹಿಡಿಯಲಾರದ ಡಿಸ್ಲೆಕ್ಸಿಯದಂಥ ಕಲಿಕೆಯ ತೊಂದರೆಯನ್ನೂ ಪಟ್ಟಿಗೆ ಸೇರಿಸಿತು. ‘ದಡ್ಡ’ ಎಂದು ಹಿಂದಿನ ಬೆಂಚಿಗೆ ತಳ್ಳಿಸಿಕೊಂಡ ಮಗು ನಿಮ್ಮ ಮನೆಯಲ್ಲಿದ್ದರೆ, ಅವನಿಗೆ ಓದಿ ಹೇಳುವ ಯಂತ್ರ ಕೇಳುವುದು ದಾನ ಕೇಳಿದಂತಲ್ಲ.

ಪಂಚಾಯಿತಿಗೆ ಕೊಡಲು ಒಂದು ಅರ್ಜಿ ಬರೆದಿಟ್ಟಿದ್ದೇವೆ. ಅದರಲ್ಲಿ ಕೇಳಿರುವುದು ಮೂರೇ ಮಾತು: ಅರಿವು ಕೇಂದ್ರದಲ್ಲಿ ಓದುವ ಕಂಠ ಬೇಕು, ಪಂಚಾಯಿತಿಯ ನೋಟೀಸುಗಳನ್ನು ಫೋಟೋ ಹಾಕದೆ ಅಕ್ಷರದಲ್ಲಿಯೇ ಹೊರಡಿಸಬೇಕು, ಸಂಜೆ ಒಂದು ಗಂಟೆ ಮಕ್ಕಳೊಡನೆ ಕುಳಿತು ಪದ ತೋರಿಸಿ ಓದಿಸುವ ಒಬ್ಬರು ಬೇಕು. ರುಜು ಹಾಕುವ ಮೊದಲು ಅರ್ಜಿಯನ್ನು ಎಲ್ಲರೂ ಕೇಳತಕ್ಕದ್ದು. ನಮ್ಮ ಮಾತನ್ನು ನಂಬಿ ಹೆಬ್ಬೆಟ್ಟು ಒತ್ತುವುದು ಬೇಡ. ಈ ಫೋನು ಅದನ್ನು ಒಮ್ಮೆ ಓದುತ್ತದೆ. ಆಮೇಲೆ ಏಳನೆಯ ತರಗತಿಯ ಈ ಹುಡುಗಿ ಒಮ್ಮೆ ಓದುತ್ತಾಳೆ. ಎರಡು ಓದಿಗೂ ಎಲ್ಲಿಯಾದರೂ ವ್ಯತ್ಯಾಸ ಕಂಡರೆ ಕೈಯೆತ್ತಿ ನಿಲ್ಲಿಸಿ. ಹಿಂದೆ ಕುಳಿತವರು ಸ್ವಲ್ಪ ಮುಂದೆ ಬನ್ನಿ, ಫೋನಿನ ಧ್ವನಿ ಅಲ್ಲಿಯವರೆಗೆ ಕೇಳಿಸದು.